ಒಂದು ಲೀಟರ್ ಎಮ್ಮೆ ಹಾಲು

“ಯೋಗದಲ್ಲಿ ಹತ್ತು, ಗಣಿತದಲ್ಲಿ ಆರು. ಎರಡೂ ಪೇಪರಿನ ಸರಾಸರಿ ಎಂಟು ಕಣೇ! ಸ್ಕಾಲರ್‌ಶಿಪ್‌ಗೆ ಏಳು ಸಾಕು.” ಇಲವಾಲದ ಬಸ್ಸಿನಲ್ಲಿ ಕೂತು ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದೆ.

ಪಕ್ಕದಲ್ಲಿ ಖಾಲಿ ಹಾಲಿನ ಕ್ಯಾನ್ ಹಿಡಿದು ಕೂತಿದ್ದ ಹೆಂಗಸು, “ಎರಡಕ್ಕೂ ತೂಕ ಒಂದೇ ಏನಮ್ಮ?” ಎಂದರು. ಯೋಗಕ್ಕೆ ಒಂದು ಕ್ರೆಡಿಟ್, ಗಣಿತಕ್ಕೆ ನಾಲ್ಕು ಎಂದೆ.

“ಅಂಗಾದ್ರೆ ಎಂಟು ಎಂಗಾಯ್ತದೆ? ಒಂದು ಲೀಟರ್ ಎಮ್ಮೆ ಹಾಲಿಗೆ ನಾಕು ಲೀಟರ್ ಹಸಿನ ಹಾಲು ಬೆರೆಸಿದ್ರೆ ಫ್ಯಾಟು ಹಸಿನ ಕಡೆಗೇ ಅಲ್ವಾ ಬರೋದು? ಆರೂಮುಕ್ಕಾಲಿಗೆ ಚೂರು ಮೇಲೆ, ಅಷ್ಟೇ ಕಣಮ್ಮ.”

ಮೊಬೈಲಿನಲ್ಲಿ ಲೆಕ್ಕ ಹಾಕಿದೆ: ಆರು ಪಾಯಿಂಟ್ ಎಂಟು! ಆಕೆ ಬೆರಳನ್ನೂ ಮಡಚಿರಲಿಲ್ಲ. ನಾನು ಬೆರಗಿನಿಂದ ತಿರುಗುವಷ್ಟರಲ್ಲಿ ಕ್ಯಾನ್ ಎತ್ತಿಕೊಂಡು ಇಳಿಯುತ್ತಿದ್ದರು.

ಗಣಿತಕ್ಕೆ ಇಂಪ್ರೂವ್‌ಮೆಂಟ್ ಪರೀಕ್ಷೆ ಕಟ್ಟಿದ್ದೇನೆ. ನನ್ನ ಎಮ್ಮೆ ಹಾಲು ಇರುವುದು ಒಂದೇ ಲೀಟರು. ಇನ್ನು ಹಸುವಿನ ಹಾಲನ್ನೇ ಗಟ್ಟಿ ಮಾಡಿಕೊಳ್ಳಬೇಕು.