ಹತ್ತನೆಯ ಸದ್ದು

ಕಳೆದ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ, ಇಳಕಲ್ಲಿನ ಒಂದು ಕೆಂಪು ಕಲ್ಲಿನ ಗಣಿಯಲ್ಲಿ ಬ್ಲಾಸ್ಟಿಂಗ್ ಮೇಸ್ತ್ರಿಯಾಗಿ ನನಗೆ ಇಪ್ಪತ್ತೆರಡು ವರ್ಷ ತುಂಬಿದ್ದವು. ಓದಿದ್ದು ಐದನೇ ಇಯತ್ತೆ. ಬರೆದು ರೂಢಿಯಿಲ್ಲ. ಆದರೂ ಆಗಿನ ಒಂದು ದಿನದ ಕೆಲಸವನ್ನು ಬರೆಯಲೇಬೇಕು; ಅದರ ಬಗ್ಗೆ ನಾನು ಹಿಂದೆ ಬರೆಸಿಕೊಟ್ಟದ್ದು ಸುಳ್ಳು.

ನನ್ನ ತಮ್ಮ ಸಂಗಪ್ಪ ವಾಯುಸೇನೆಯಲ್ಲಿದ್ದ. ಊರವರು ಪೈಲಟ್ ಎಂದುಕೊಂಡಿದ್ದರು. ಅವನು ರೆಕ್ಕೆಯ ಕೆಳಗೆ ಬಾಂಬು ಕಟ್ಟುವವನು. ಪ್ರತಿ ಬಾಂಬಿಗೂ ಕೆಂಪು ಪಟ್ಟಿಯ ಸೇಫ್ಟಿ ಪಿನ್ ಇರುತ್ತದೆ; ಅದು ಇರುವತನಕ ಬಾಂಬು ಸಿಡಿಯುವುದಿಲ್ಲ. ವಿಮಾನ ಹೊರಡುವ ಮುನ್ನ ಪಿನ್ನುಗಳನ್ನೆಲ್ಲ ಕಿತ್ತು, ಎಣಿಸಿ, ಕೈಯೆತ್ತಿ ಪೈಲಟ್‌ಗೆ ತೋರಿಸಬೇಕು. ಒಂದು ಕಡಿಮೆಯಾದರೂ ವಿಮಾನ ಕದಲುವಂತಿಲ್ಲ.

ಗಡಿಯಲ್ಲಿ ಕಾಳಗ ನಡೆದ ದಿನಗಳಲ್ಲಿ ಅವನ ನೆಲೆಯ ಮೇಲೆ ಡ್ರೋನ್ ಬಿತ್ತು. ಜೊತೆಗಾರನ ಹೊಟ್ಟೆ ಸೀಳಿತು. ಸಂಗಪ್ಪ ಅವನನ್ನು ಸ್ಟ್ರೆಚರಿಗೆ ಹಾಕಿ, ಉರಿಯುವ ಟ್ಯಾಂಕರ್ ಪಕ್ಕದಲ್ಲೇ ವಿಮಾನದ ಕೆಳಗೆ ತೆವಳಿ, ಬಾಂಬುಗಳಿಗೆ ಒಂದೊಂದಾಗಿ ಪಿನ್ನು ಮರಳಿ ಚುಚ್ಚಿದ. ಜೊತೆಗಾರ ಉಳಿಯಲಿಲ್ಲ. ರಜೆಗೆ ಬಂದಾಗ ಇದನ್ನು ನನಗೊಬ್ಬನಿಗೇ ಹೇಳಿದ. ಹೆದರಿಕೆಯಾಗಲಿಲ್ಲವೇನೋ ಎಂದು ಕೇಳಿದೆ.

"ಆತಣ್ಣಾ. ಹೆದರಿಕಿ ಆತಂತನ ಎಣಿಸ್ಕೋತ ಹೋದೆ."

ಮರುದಿನ ನನ್ನ ಕೆಲಸ ನೋಡಲು ಗಣಿಗೆ ಬಂದ. ಅಂದು ಬಂಡೆಯಲ್ಲಿ ಕೊರೆದ ಹತ್ತು ಕುಳಿಗಳಿಗೆ ಮದ್ದು ತುಂಬಿದ್ದೆವು. ಬತ್ತಿಗಳನ್ನು ಒಂದಕ್ಕಿಂತ ಒಂದು ಉದ್ದ ಕತ್ತರಿಸುತ್ತೇವೆ. ಹೀಗಾಗಿ ಕುಳಿಗಳು ಒಂದರ ಹಿಂದೊಂದು ಸಿಡಿಯುತ್ತವೆ, ಮೇಸ್ತ್ರಿ ಸದ್ದು ಎಣಿಸುತ್ತಾನೆ. ಒಂದು ಕಡಿಮೆ ಬಂದರೆ ಎಲ್ಲೋ ಮದ್ದಿಗೆ ಇನ್ನೂ ಜೀವ ಇದೆ ಎಂದರ್ಥ. ಅರ್ಧ ಗಂಟೆ ಯಾರೂ ಹತ್ತಿರ ಸುಳಿಯಬಾರದು.

ಬತ್ತಿ ಹೊತ್ತಿಸಿ ದೂರ ಸರಿದೆವು. ಸಿಡಿತ ಮುಗಿದು ಹೊಗೆ ತಿಳಿಯಾಯಿತು. ಕೆಲಸಕ್ಕೆ ಇಳಿಯಿರಿ ಎಂಬ ಸೀಟಿ ಊದಲು ಹೊರಟೆ.

"ಅಣ್ಣಾ, ತಡಿ. ಒಂಬತ್ತ ಆದ್ವು" ಎಂದ ಸಂಗಪ್ಪ.

"ಹತ್ತಾದ್ವು. ಎರಡು ಕೂಡೇ ಹೊಡದ್ವು."

ಡ್ರಿಲ್ ಹೊಡೆಯುವ ಹುಸೇನಸಾಬ ನಕ್ಕ. "ಮೇಸ್ತ್ರಿ, ನಿಮಗಿಂತ ತಮ್ಮನ ಕಿವಿ ಚುರುಕ ಐತಿ ಬಿಡ್ರಿ."

ಹದಿನೈದು ಮಂದಿಯ ಎದುರು ಆ ಮಾತು ನನ್ನನ್ನು ಸುಟ್ಟಿತು. "ವಿಮಾನದ ಬುಡಕ ಕುಂತ ಬಂದಾಂವ ನನಗ ಮದ್ದಿನ ಕೆಲಸ ಕಲಿಸ್ತೀಯೇನಲೇ?" ಎಂದು ಸೀಟಿ ಊದಿಬಿಟ್ಟೆ.

ಆಳುಗಳು ಹಾರೆ ಎತ್ತಿಕೊಂಡರು. ಸಂಗಪ್ಪ ಅವರಿಗೆ ಅಡ್ಡ ನಿಂತ.

"ಮೊದಲ ನಾ ನೋಡಿ ಬರ್ತೇನಿ. ನಾ ಕೈ ಎತ್ತೂತನಕ ಯಾರೂ ಬರಬ್ಯಾಡ್ರಿ."

ಬೆರಳು ಮಾಡಿ ಕುಳಿಗಳನ್ನು ಎಣಿಸುತ್ತ ಸಾಲಿನುದ್ದಕ್ಕೂ ನಡೆದ. ಏಳನೆಯದರ ಬಳಿ ಬಗ್ಗಿದ. ಗಕ್ಕನೆ ನಮ್ಮತ್ತ ತಿರುಗಿ, ಬರಬೇಡಿ ಎಂದು ಎರಡೂ ಕೈ ಬೀಸಿದ. ಆಗ ಸಿಡಿಯಿತು.

ಕಲ್ಲು ಮಳೆಯಂತೆ ಬಿದ್ದವು. ಓಡಿಹೋದಾಗ ಅವನ ದವಡೆ ಇರಲಿಲ್ಲ. ಬಲಗೈ ಹತ್ತು ಹೆಜ್ಜೆ ಆಚೆ ಬಿದ್ದಿತ್ತು. ಉಸಿರಾಡಿದಾಗಲೆಲ್ಲ ಎದೆಯ ತೂತಿನಿಂದ ರಕ್ತ ಗುಳ್ಳೆಯಾಗಿ ಏಳುತ್ತಿತ್ತು. ಕಲ್ಲಿನ ಪುಡಿ ಬೆರೆತು ಅದು ಕೆಸರಿನಂತೆ ಗಟ್ಟಿಯಾಗುತ್ತಿತ್ತು. ನನ್ನ ರುಮಾಲು ತುರುಕಿದೆ, ನಿಲ್ಲಲಿಲ್ಲ. ಬಾಗಲಕೋಟೆಯ ದವಾಖಾನೆಗೆ ಒಯ್ಯುವಾಗ ಹುನಗುಂದ ದಾಟುವ ಮೊದಲೇ ಗುಳ್ಳೆ ಏಳುವುದು ನಿಂತಿತು.

ವಿಚಾರಣೆಗೆ ಬಂದ ಸಾಹೇಬರ ಮುಂದೆ ಎರಡು ಮಾತು ಬರೆಸಿದೆ: ಹತ್ತು ಸದ್ದು ಕೇಳಿದ್ದೆ, ಸೀಟಿ ಊದುವ ಮೊದಲೇ ಅವನು ಒಳಗೆ ಓಡಿದ. ಹುಸೇನಸಾಬ ನೆಲ ನೋಡುತ್ತ ಹೌದೆಂದ; ಉಳಿದ ಆಳುಗಳೂ ಅದನ್ನೇ ಅಂದರು. ಸಂಗಪ್ಪನನ್ನು ಧ್ವಜ ಹೊದಿಸಿ ಮಣ್ಣು ಮಾಡಿದೆವು. ತಪ್ಪು ಅವನ ಹೆಸರಿನಲ್ಲೇ ಉಳಿಯಿತು.

ಅವ್ವ ಈಗಲೂ ಊಟಕ್ಕೆ ಬಡಿಸುತ್ತ ಕೇಳುತ್ತಾಳೆ. "ಅಷ್ಟ ತಿಳುವಳಿಕಿ ಇದ್ದಾಂವ ಸೀಟಿಗಿಂತ ಮೊದಲ ಯಾಕ ಓಡಿದ್ನೋ?" ನಾನು ತಲೆ ಬಗ್ಗಿಸಿ ಉಣ್ಣುತ್ತೇನೆ.

ಗಣಿ ಬಿಟ್ಟಿದ್ದೇನೆ. ಈ ಕಾಗದವನ್ನು ಮೊದಲು ಅವ್ವನಿಗೆ ಓದಿ ಹೇಳಿ, ನಂತರ ಆ ಸಾಹೇಬರ ಕಚೇರಿಗೆ ಕೊಡುತ್ತೇನೆ. ಇಪ್ಪತ್ತೆರಡು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಎಣಿಕೆ ಕಡಿಮೆ ಬಂದರೆ, ಯಾರು ನಕ್ಕರೂ, ಕಾಯಬೇಕು. ಅದು ನನಗೆ ಅಂದೂ ಗೊತ್ತಿತ್ತು. ಎರಡು ಕುಳಿ ಕೂಡಿ ಹೊಡೆಯಲಿಲ್ಲ. ನನಗೂ ಒಂಬತ್ತೇ ಕೇಳಿಸಿದ್ದವು.