ಆಂಡೀಸ್ ದಾಟಿದ ಮೈಸೂರು ಪೇಟಗಳು

ದಸರೆಗೆ ಗೊಂಬೆ ಕೂರಿಸುವುದು ನನ್ನ ತವರಿನ ಪದ್ಧತಿ. ನಾನು ಮೈಸೂರಿನವಳು. ಗಂಡನ ಮನೆಯವರು ಹಾವೇರಿ ಕಡೆಯವರು. ಬನ್ನಿ ಎಲೆ ಹಂಚಿಕೊಂಡರೆ ಅವರ ದಸರೆ ಮುಗಿಯಿತು. ಮದುವೆಯಾದ ಹೊಸತರಲ್ಲಿ ನನ್ನ ಅತ್ತೆ, ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತ ಗೊಂಬೆಗಳನ್ನು ನೋಡಿ, "ಇಷ್ಟು ಮಂದಿಗೆ ಅಡಿಗಿ ಯಾರು ಮಾಡ್ತಾರವಾ?" ಎಂದು ಕೇಳಿದ್ದರು. ಅವರ ಬಾಯಿಗೆ ಹೆದರುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಈಗ ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಯಲ್ಲಿ ನವರಾತ್ರಿ ಬಂತೆಂದರೆ ಅಟ್ಟದಿಂದ ಪೆಟ್ಟಿಗೆ ಇಳಿಸಲು ಮೊದಲು ಸೆರಗು ಕಟ್ಟುವವರೇ ಅವರು.

ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳದ್ದು. ರಾಜ, ರಾಣಿ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಮರದ ಜೋಡಿ. ಪ್ರತಿ ವರ್ಷ ಅವಕ್ಕೆ ಹೊಸ ಜರಿ ಬಟ್ಟೆ ಹೊಲಿದು ಬಸ್ಸಿನಲ್ಲಿ ಹೊತ್ತು ತರುತ್ತಿದ್ದಳು. ಅಮ್ಮ ಈಗಿಲ್ಲ. ಹೋದ ಮೇಲೆ ನಾನೇ ಹೊಲಿಯುತ್ತೇನೆ, ಹೊಲಿಗೆ ಸೊಟ್ಟಗಾಗುತ್ತದೆ. ಆದರೂ ಅವರಿಬ್ಬರು ಮೇಲೆ ಕೂತ ಆ ದಿನಗಳಲ್ಲಿ ಅಮ್ಮ ಮನೆಗೆ ಬಂದು ಉಳಿದುಕೊಂಡ ಹಾಗಿರುತ್ತದೆ ನನಗೆ. ಅವರನ್ನು ಒಮ್ಮೆ ಕೂರಿಸಿ ಆರತಿ ಮಾಡಿದರೆ ವಿಜಯದಶಮಿಯ ಸಂಜೆಯವರೆಗೆ ಅಲುಗಿಸಬಾರದು. ಅಮ್ಮ ಹಾಕಿಕೊಟ್ಟ ಕಟ್ಟಳೆ ಇದು, ಮುರಿಯುವ ಮನಸ್ಸು ನನಗಿಲ್ಲ.

ಮೆಟ್ಟಿಲ ಪಕ್ಕದಲ್ಲಿ ವರ್ಷಕ್ಕೊಂದು ಕಥೆಯ ದೃಶ್ಯ ಮಾಡುವುದು ರೂಢಿ. ಕಳೆದ ವರ್ಷ ಯಾವ ಕಥೆಯೂ ಹೊಳೆಯದೆ ಕೂತಿದ್ದೆ. ಮಹದೇವಪುರದ ನಮ್ಮ ಆಫೀಸಿನಲ್ಲಿ ನನ್ನ ಕೆಲಸ ಸ್ಪ್ಯಾನಿಷ್‌ನಲ್ಲಿ ಮಾತಾಡುವುದು. ದಕ್ಷಿಣ ಅಮೆರಿಕದ ಗ್ರಾಹಕರ ದೂರುಗಳೆಲ್ಲ ನನ್ನ ಕಿವಿಗೇ ಬೀಳುತ್ತವೆ. ಆಗ ಅರ್ಜೆಂಟೀನಾದಿಂದ ಒಬ್ಬ ಇಂಜಿನಿಯರ್ ಕೆಲವು ತಿಂಗಳ ಮಟ್ಟಿಗೆ ಬಂದಿದ್ದ. ನಡುವಯಸ್ಸಿನ ಮನುಷ್ಯ, ಕ್ಯಾಂಟೀನಿನ ಚಿತ್ರಾನ್ನದಲ್ಲಿ ಕಡಲೆಬೀಜವನ್ನೆಲ್ಲ ಹೆಕ್ಕಿ ಮೊದಲು ತಿನ್ನುವವನು. ಅವನ ಹತ್ತಿರ ನನ್ನ ಕಷ್ಟ ಹೇಳಿಕೊಂಡೆ. ಅವನು ಚಮಚ ಕೆಳಗಿಟ್ಟು, ತನ್ನೂರಿನ ಕಥೆ ಶುರುಮಾಡಿದ.

ಅವನ ಊರು ಆಂಡೀಸ್ ಪರ್ವತದ ಬುಡದಲ್ಲಿದೆ. ಸ್ಪೇನಿನ ರಾಜನ ಆಳ್ವಿಕೆಯನ್ನು ಕಿತ್ತೊಗೆಯಲು ಹೊರಟ ಸೇನೆಯೊಂದು ಅಲ್ಲೇ ತಯಾರಾಯಿತಂತೆ. ಪರ್ವತದ ಆಚೆ ಚಿಲಿ ದೇಶ, ಅಲ್ಲಿ ರಾಜನ ಪಡೆ. ಊರಿನ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು, ಬಾವುಟ ಹೊಲಿದರು. ಚರ್ಚಿನ ಗಂಟೆ ಕರಗಿಸಿ ಫಿರಂಗಿ ಎರಕ ಹೊಯ್ದರು. ಸೇನಾಪತಿ ತನ್ನ ಜನರನ್ನು ಬೇರೆ ಬೇರೆ ಕಣಿವೆಗಳಿಂದ ಹತ್ತಿಸಿದ. ಎಲ್ಲಿಂದ ಇಳಿದು ಬರುತ್ತಾರೋ ಗೊತ್ತಾಗದೆ ವೈರಿ ತನ್ನ ಪಡೆಯನ್ನು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಹಂಚಿಬಿಟ್ಟ. ಫಿರಂಗಿಯನ್ನೂ ಹಿಟ್ಟನ್ನೂ ಹೊತ್ತದ್ದು ಹೇಸರಗತ್ತೆಗಳು.

ಇದನ್ನು ಸಂಜೆ ಅತ್ತೆಗೆ ಹೇಳಿದ್ದೇ ತಡ, ಅವರು ಕಾರ್ಯಪ್ರವೃತ್ತರಾದರು. ಕೆಳಗಿನ ಮನೆಯ ಓನರಮ್ಮನಿಂದ ಗೋಣಿಚೀಲ ತಂದು, ಮೈದಾ ಅಂಟಿನಲ್ಲಿ ಅದ್ದಿ, ಮೆಟ್ಟಿಲಿಗೇ ಒರಗಿಸಿ ಬೆಟ್ಟ ಎಬ್ಬಿಸಿದರು. ತುದಿಗೆ ಹತ್ತಿಯ ಹಿಮ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಗಂಡ ಹಿತ್ತಾಳೆ ಚೂರುಗಳನ್ನು ಲೇತ್ ಮೇಲೆ ತಿರುಗಿಸಿ ಪುಟ್ಟ ಫಿರಂಗಿ ಮಾಡಿಕೊಟ್ಟ. ಸೈನಿಕರು ಎಲ್ಲಿಂದ ಬರಬೇಕು? ನನ್ನ ಬಳಿ ಇದ್ದದ್ದು ಜಂಬೂಸವಾರಿಯ ಮಣ್ಣಿನ ಗೊಂಬೆಗಳು. ಹಾಗಾಗಿ ಆಂಡೀಸ್ ಹತ್ತಲು ನಿಂತವರೆಲ್ಲ ಮೈಸೂರು ಪೇಟದವರು, ಸೇನಾಪತಿ ಅರಮನೆ ಬ್ಯಾಂಡಿನ ಮಾಸ್ತರ. ಚನ್ನಪಟ್ಟಣದ ಕುದುರೆಗಳಿಗೆ ಅತ್ತೆ ರಟ್ಟಿನ ಉದ್ದ ಕಿವಿ ಅಂಟಿಸಿ ಹೇಸರಗತ್ತೆ ಮಾಡಿದರು. ಆನೆಯನ್ನೂ ಹತ್ತಿಸಲು ನೋಡಿದರು, ನಾನು ಬೇಡವೆಂದೆ.

ದಿನವೂ ಮಧ್ಯಾಹ್ನ ಇಂಜಿನಿಯರನಿಂದ ಕೇಳಿದ್ದನ್ನು ಸಂಜೆ ಮೆಟ್ರೋ ಇಳಿದು ಬಂದು ಅತ್ತೆಗೆ ಹೇಳುವುದು, ಕಥೆ ಸಾಗಿದಷ್ಟು ಸೇನೆಯನ್ನು ಮೇಲೆ ಸರಿಸುವುದು. ಬೆಟ್ಟದ ಮೇಲಿನವರನ್ನು ಸರಿಸಲು ಅಡ್ಡಿಯಿಲ್ಲ, ಮೆಟ್ಟಿಲ ಮೇಲಿನವರು ಮಾತ್ರ ಅಲುಗುವಂತಿಲ್ಲ. ಎತ್ತರದಲ್ಲಿ ಉಸಿರು ಕಟ್ಟಬಾರದೆಂದು ಸೈನಿಕರು ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತಿದ್ದರು ಎಂದಾಗ ಅತ್ತೆಗೆ ಬಲು ಸಂತೋಷವಾಯಿತು. "ನಮ್ಮ ಮಂದಿನ ಬಿಡು. ಉಳ್ಳಾಗಡ್ಡಿ ಇಲ್ಲದ ಯಾವ ಬೆಟ್ಟ ಹತ್ತಾಕಾಗ್ತತಿ?" ಎನ್ನುತ್ತ ಬೆಳ್ಳುಳ್ಳಿ ಎಸಳುಗಳನ್ನು ಹೇಸರಗತ್ತೆಗಳ ಬೆನ್ನಿಗೆ ಕಟ್ಟಿದರು. ನವರಾತ್ರಿಯಲ್ಲಿ ನನ್ನ ತವರಿನವರು ಬೆಳ್ಳುಳ್ಳಿಯನ್ನು ಹೊಸಿಲೊಳಗೆ ಬಿಟ್ಟುಕೊಳ್ಳುವವರಲ್ಲ. ಯುದ್ಧಕಾಲವೆಂದು ಸುಮ್ಮನಾದೆ.

ಅರಿಶಿನ ಕುಂಕುಮಕ್ಕೆ ಬಂದ ಓನರಮ್ಮ ಬ್ಯಾಂಡ್ ಮಾಸ್ತರನಿಗೆ ಕೈಮುಗಿದು ಒಂದು ಸೇವಂತಿಗೆ ಮುಡಿಸಿದರು. "ಇದ್ಯಾವ ದೇವ್ರವ್ವ, ಇಂಗೆ ಚಳೀಲಿ ನಿಂತೈತೆ?" ಅಂದರು. ದೇವರಲ್ಲ, ದೂರದೇಶದ ದಂಡು ಅಂದೆ. "ಆಗ್ಲಿ ಬುಡು, ಗೆದ್ಕೊಂಡು ಬರ್ಲಿ," ಅಂದು ಹೋದರು.

ತೊಂದರೆ ಶುರುವಾದದ್ದು ದಂಡು ಅರ್ಧ ಬೆಟ್ಟ ಹತ್ತಿದ ಮೇಲೆ. ಅತ್ತೆ ಕೈಯಲ್ಲಿ ಹೇಸರಗತ್ತೆ ಹಿಡಿದು ಮೇಲೆ ನೋಡಿದರು. ಬೆಟ್ಟದ ತುದಿ ಮುಟ್ಟುವುದು ಮೇಲಿನ ಮೆಟ್ಟಿಲನ್ನು. ಅಲ್ಲಿ ನನ್ನ ರಾಜ ರಾಣಿ ಜರಿ ಬಟ್ಟೆಯಲ್ಲಿ ಆರಾಮಾಗಿ ಕೂತಿದ್ದರು.

"ಯವ್ವಾ, ಯಾರ್ನ ಓಡ್ಸಾಕ ಇವ್ರು ಹೊಂಟಾರೋ ಅವನ್ನ ಒಯ್ದು ಮ್ಯಾಲ ಕುಂದ್ರಿಸಿಯಲ್ಲ!"

ನನಗೆ ಆ ಕ್ಷಣದವರೆಗೆ ಅದು ಹೊಳೆದೇ ಇರಲಿಲ್ಲ. ಪಟ್ಟದ ಗೊಂಬೆ ಮೇಲೆ ಕೂರುವುದು ಸೂರ್ಯ ಮೂಡಿದಷ್ಟೇ ಸಹಜ ನನಗೆ. ಅದು ಸ್ಪೇನಿನ ರಾಜ ಅಲ್ಲ, ಅವನು ಸಮುದ್ರದಾಚೆ ಇದ್ದ, ಆ ಬೆಟ್ಟವನ್ನು ಕಣ್ಣಾರೆ ಕಂಡವನೂ ಅಲ್ಲ ಎಂದು ವಾದಿಸಿದೆ.

"ಕಾಣಲಾರದ ರಾಜ ಮ್ಯಾಲ್ಯಾಕ ಕುಂತಾನ? ಇಳಸು."

ಇಳಿಸುವುದಿಲ್ಲ ಅಂದೆ. ಅವರೂ ಬಿಡಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅದೇ ಮಾತು, ನಾನು ನಾಗಸಂದ್ರದ ಮೆಟ್ರೋಗೆ ಹೊರಟು ಚಪ್ಪಲಿ ಮೆಟ್ಟುವಾಗಲೂ ಅದೇ ಮಾತು. ಅಷ್ಟರಲ್ಲಿ ಆ ಇಂಜಿನಿಯರನನ್ನು ವಿಜಯದಶಮಿಗೆ ಊಟಕ್ಕೆ ಕರೆದಾಗಿತ್ತು. "ಅವ ಬಂದು ನೋಡಿದ್ರ ಏನಂದ್ಕೊಂತಾನ? ಅವನ ಅಜ್ಜ-ಮುತ್ಯಾ ಸತ್ತು ಗೆದ್ದ ಬೆಟ್ಟ ಅದು," ಅಂದರು ಅತ್ತೆ. ಆ ಮಾತು ನನಗೂ ಚುಚ್ಚಿತು. ಒಮ್ಮೆ ಕೈ ಮೇಲಕ್ಕೆ ಚಾಚಿದೆ ಕೂಡ. ರಾಣಿಯ ಸೆರಗಿನ ಸೊಟ್ಟ ಹೊಲಿಗೆ ಬೆರಳಿಗೆ ತಾಗಿತು, ಅಳು ಬಂತು, ಕೈ ಹಿಂದಕ್ಕೆ ತೆಗೆದುಕೊಂಡೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಆ ಮಾತು ಎತ್ತಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ನಾವಿಬ್ಬರೂ ಸೇರಿ ದಂಡನ್ನು ತುದಿ ದಾಟಿಸಿದೆವು. ಪೇಟದವರು ರಾಜ ರಾಣಿಯ ಕಾಲಬುಡದಲ್ಲೇ ಸಾಲಾಗಿ ಹಾದು ಆಚೆ ಇಳಿದರು. ದಾರಿಯಲ್ಲಿ ಬಹಳಷ್ಟು ಹೇಸರಗತ್ತೆಗಳು ಸತ್ತವೆಂದು ನಾನು ಹೇಳಿದ್ದೆ. ನಮ್ಮ ಒಂದನ್ನೂ ಸಾಯಿಸಲು ಅತ್ತೆ ಒಪ್ಪಲಿಲ್ಲ.

ಸಂಜೆ ಇಂಜಿನಿಯರ್ ಬಂದ. ಹಿಂದಿನ ದಿನದ ಆಯುಧಪೂಜೆಯಲ್ಲಿ ಒಡೆದ ಬೂದುಗುಂಬಳ ರಸ್ತೆ ತುಂಬ ಬಿದ್ದಿತ್ತಂತೆ, ನೆಗೆಯುತ್ತ ಬಂದೆ ಎಂದು ನಕ್ಕ. ಬೆಟ್ಟ ಕಂಡದ್ದೇ ನಗು ನಿಂತಿತು. ನೆಲದ ಮೇಲೆ ಕೂತು ಫಿರಂಗಿ ಮುಟ್ಟಿದ, ಹೇಸರಗತ್ತೆಯ ಬೆನ್ನಿನ ಬೆಳ್ಳುಳ್ಳಿ ಮೂಸಿದ. ಚಿಕ್ಕವನಿದ್ದಾಗ ಶಾಲೆಯ ಅಂಗಳದಲ್ಲಿ ತಾನೂ ಕಾಗದದ ಟೋಪಿ ಹಾಕಿಕೊಂಡು ಇದೇ ದಂಡಿನಲ್ಲಿ ನಡೆದಿದ್ದೆ ಎಂದ. ಅವನ ಕಣ್ಣು ದಂಡಿನ ದಾರಿ ಹಿಡಿದು ಮೇಲೆ ಮೇಲೆ ಹೋಗುವುದನ್ನು ನಾನು ನೋಡಿದೆ. ತುದಿಯಲ್ಲಿ ನಿಂತಿತು.

"ಅವರಿಬ್ಬರು ಯಾರು?" ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದ.

ನಾನು ಅತ್ತೆಯ ಕಡೆ ನೋಡಿದೆ. ಅವನ ಭಾಷೆ ಬಾರದಿದ್ದರೂ ಬೆರಳು ತೋರಿದ ದಿಕ್ಕು ಅತ್ತೆಗೆ ಗೊತ್ತಾಯಿತು. ಕೈಯಲ್ಲಿದ್ದ ಬನ್ನಿಯ ತಟ್ಟೆ ಹಿಡಿದೇ ಮುಂದೆ ಬಂದರು.

"ಅವ್ರು ಸ್ಪೇನಿನವ್ರಲ್ಲ ಅಂತ ಹೇಳವಾ ಅವಗ. ಈಕಿ ತವರುಮನಿ ಮಂದಿ. ಹುಡುಗ್ರು ಬೆಟ್ಟ ದಾಟೋದನ್ನ ನೋಡಾಕ ಬಂದಾರ."

ನಾನು ಅದನ್ನು ಸ್ಪ್ಯಾನಿಷ್‌ಗೆ ತಿರುಗಿಸಿದೆ. ದಿನವಿಡೀ ಆ ಭಾಷೆಯಲ್ಲೇ ದುಡಿಯುವ ನಾನು ಅವತ್ತು ನಡುವೆ ಎರಡು ಸಲ ಪದ ಹುಡುಕಿದೆ.

ಅವನು ಎದ್ದು ನಿಂತು ರಾಜ ರಾಣಿಗೆ ತಲೆಬಾಗಿದ. ಅತ್ತೆ ಅವನ ಅಂಗೈಗೆ ಬನ್ನಿ ಎಲೆ ಇಟ್ಟು, "ಬಂಗಾರ ತಗೋ, ಬಂಗಾರದಂಗ ಇರೂಣು," ಅಂದರು. ಅವನಿಗೆ ಅರ್ಥ ಹೇಳಿದೆ. ಅವನು ತನ್ನ ಎಲೆಗಳಲ್ಲಿ ಒಂದನ್ನು ಆರಿಸಿ, ನನ್ನ ಕಡೆ ನೋಡಿ ಅಪ್ಪಣೆ ಕೇಳಿ, ಮೇಲಿನ ಮೆಟ್ಟಿಲಲ್ಲಿಟ್ಟ.

ಊಟವಾದ ಮೇಲೆ ಪಟ್ಟದ ಗೊಂಬೆಗಳನ್ನು ಮಲಗಿಸುವ ಹೊತ್ತಾಯಿತು. ಅವು ಮಲಗಿದರೆ ಹಬ್ಬ ಮುಗಿದಂತೆ. ಅಮ್ಮನ ಹಳೆಯ ವಾಯಿಲ್ ಸೀರೆಯ ತುಂಡನ್ನು ಅತ್ತೆ ತಾವೇ ಮಡಿಸಿ ಹಾಸಿದರು. ಮೊದಲು ರಾಜನನ್ನು, ಆಮೇಲೆ ರಾಣಿಯನ್ನು ನಾನು ಮಲಗಿಸಿದೆ.

"ಬನ್ನಿ ಎಲಿನೂ ಒಳಗ ಇಡು," ಅಂದರು ಅತ್ತೆ. "ನಿಮ್ಮವ್ವಗ ಮುಟ್ಟಲಿ."