ಮಾಗಳದ ದಂಡೆಯ ಜೊಂಡು

ಮೊನ್ನೆಯ ಮಳೆಗೆ ನನ್ನ ಅಂಗಡಿಯಲ್ಲಿದ್ದ ಹಳೆಯ ಪೇಪರ್ ಕಟ್ಟು ನೆನೆದಿತ್ತು. ಬಿಸಿಲಿಗೆ ಹರವಿದಾಗ ಎದ್ದ ಮುಗ್ಗಲು ವಾಸನೆಗೆ ಅಕ್ಕ ನೆನಪಾದಳು...

ತೊಂಬತ್ತರ ದಶಕದ ಕೊನೆಯಲ್ಲಿ ಅವಳು ಹಡಗಲಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಒಣಗಿಸಿದ ಗಿಡಗಳನ್ನು ಜೋಡಿಸಿಡುವ ಕಾಲೇಜಿನ ಹರ್ಬೇರಿಯಂಗೆ ಸುತ್ತಲಿನ ಜೊಂಡಿನ ಬಗೆಗಳನ್ನೆಲ್ಲ ಕೂಡಿಸುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು. ಬೇರು, ಹೂವು ಸಮೇತ ತಂದದ್ದನ್ನು ಪೇಪರ್ ನಡುವೆ ಹರವಿ, ಮೇಲೆ ಬೀಸುಕಲ್ಲು ಹೇರಿ ಒಣಗಿಸುತ್ತಿದ್ದಳು. "ದನ ತಿನ್ನೋದನ್ನ ಹಾಸಿಗಿ ಹಾಸಿ ಮಲಗಸ್ತಾಳ ನೋಡ್ರಿ ಈಕಿ!" ಎಂದು ಅವ್ವ ನಗುತ್ತಿದ್ದಳು. ಒಣಗಿದ್ದನ್ನು ದಪ್ಪ ಹಾಳೆಗೆ ಹೊಲಿದು, ಕೆಳಗೆ ಹೆಸರು, ಸಿಕ್ಕ ಜಾಗ ಬರೆಯಬೇಕು. ಚೆನ್ನಾಗಿ ಮಾಡಿದರೆ ಆ ಹಾಳೆಗಳು ಅವಳ ಹೆಸರಿನಲ್ಲೇ ಕಾಲೇಜಿನ ಬೀರುವಿನಲ್ಲಿ ಉಳಿಯುತ್ತವೆ ಎಂದು ಲೆಕ್ಚರರು ಹೇಳಿದ್ದರಂತೆ. ಅವಳಿಗೆ ಅದೊಂದೇ ಧ್ಯಾನ.

ಹೊಳೆಗಿಳಿಯಲು ಮನೆಯಲ್ಲಿ ಅವಳನ್ನು ಬಿಡುತ್ತಿರಲಿಲ್ಲ. "ಲೇ ತಮ್ಮಾ, ಮಾಗಳದ ಹೊಳಿ ದಂಡೀಗೆ ಹೋಗಿ ಬಾರೋ. ಅಲ್ಲೀದೊಂದು ಉಳದೈತಿ" ಎಂದಳು. ಹೊರಟವನು ಹಡಗಲಿಯ ಚಾದ ಹೋಟೆಲಿನಲ್ಲಿ ಟಿವಿಯ ಕ್ರಿಕೆಟ್ ನೋಡುತ್ತ ಕೂತುಬಿಟ್ಟೆ. ಸಂಜೆ ನಮ್ಮೂರ ಕೆರೆಯಲ್ಲಿ ಕೈಗೆ ಸಿಕ್ಕ ಜೊಂಡನ್ನು ಕಿತ್ತು ತಂದುಕೊಟ್ಟೆ. ಅಕ್ಕ ಅದರ ಕೆಳಗೆ ದುಂಡಗೆ ಬರೆದಳು: ಮಾಗಳ, ತುಂಗಭದ್ರೆಯ ದಂಡೆ.

ಲೆಕ್ಚರರಿಗೆ ಅನುಮಾನ ಬಂತು. ಅದು ನಿಂತ ನೀರಿನ ಕೆಸರಿನಲ್ಲಿ ಬೆಳೆಯುವಂಥದ್ದು. ತಾವೇ ಮಾಗಳಕ್ಕೆ ಹೋಗಿ ಹುಡುಕಿ ಬಂದರು; ಅಲ್ಲಿ ಅದು ಎಲ್ಲೂ ಸಿಗಲಿಲ್ಲ. "ಒಂದರ ಜಾಗ ಸುಳ್ಳಾದ್ರ ಉಳಿದವನ್ನ ಹೆಂಗ ನಂಬೋದಮ್ಮಾ?" ಎಂದು ಅಷ್ಟೂ ಹಾಳೆಗಳನ್ನು ವಾಪಸು ಕೊಟ್ಟರು.

ಅಕ್ಕ ಮನೆಗೆ ಬಂದವಳೇ ನನ್ನ ಮುಖ ನೋಡಿದಳು.

"ಮಾಗಳಕ್ಕ ಹೋಗಿದ್ದಿ, ಹೌದಿಲ್ಲೋ?"

"ಹೋಗಿದ್ದೆ ಅಕ್ಕಾ. ಮೊಣಕಾಲುಮಟ ನೀರಾಗ ಇಳಿದಿದ್ದೆ."

"ಹಂಗಾರ ಸರ್‌ಗೇ ಗೊತ್ತಿಲ್ಲ ಬಿಡು" ಎಂದಳು.

ಕೊಟ್ಟೂರಿಗೆ ಮದುವೆಯಾಗಿ ಹೋದ ಮೇಲೂ ಮಕ್ಕಳಿಗೆ ಅದನ್ನೇ ಹೇಳುತ್ತಿದ್ದಳು, ತಮ್ಮ ಹೊಳೆಗಿಳಿದು ತಂದಿದ್ದ, ಅವರು ನಂಬಲಿಲ್ಲ ಎಂದು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ...

ಅಕ್ಕ ತೀರಿಕೊಂಡು ವರ್ಷವಾಯಿತು. ನಿನ್ನೆ ಅವಳ ಮಗಳು ಫೋನ್ ಮಾಡಿ, "ಮಾವಾ, ಅವ್ವ ಹೇಳತಿದ್ಲಲ್ಲ, ಆ ಗಿಡ ತೋರಸು. ಮಾಗಳಕ್ಕ ಹೋಗೋಣು" ಎಂದಳು. ಆಗ ನಿಜ ಹೇಳಿದೆ.

"ಅವ್ವ ಇದ್ದಾಗ ಯಾಕ ಹೇಳಲಿಲ್ಲ ಮಾವಾ?"

ಅಕ್ಕ ಬೈಯುತ್ತಾಳೆಂಬ ಭಯ ನನಗಿರಲಿಲ್ಲ. ನನ್ನ ಮಾತನ್ನು ಪೂರಾ ನಂಬುವವಳು ಅವಳೊಬ್ಬಳೇ ಇದ್ದಳು. ಆ ನಂಬಿಕೆಯನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.